ಗೃಹಯಂತ್ರ ವಿಚಾರ: ತಾನಾಗಿ ಕುಸಿಯುವ ಕಂಪ್ಯೂಟರೂ ನಿಸ್ತಂತು ಕಾರ್ಡಿನ ದೋಷವೂ

ಬಾವಿಯ ರಾಟೆ ಕಿರುಗುಟ್ಟಿದರೆ ನಾವು ಅದಕ್ಕೆ ನಾಲ್ಕು ತೊಟ್ಟು ಎಣ್ಣೆ ಬಿಡುವೆವೇ ಹೊರತು ಬಾವಿಯನ್ನೇ ಮುಚ್ಚಿಸಲು ಹೊರಡುವುದಿಲ್ಲ. ಆದರೆ ಕಂಪ್ಯೂಟರಿನ ವಿಷಯದಲ್ಲಿ ಈ ವಿವೇಕವು ನಮ್ಮ ಗೃಹಸ್ಥರನ್ನು ಅನೇಕ ವೇಳೆ ಬಿಟ್ಟುಹೋಗುವುದುಂಟು. ಕೆಲಸ ಮಾಡುತ್ತಿದ್ದ ಯಂತ್ರವು ಇದ್ದಕ್ಕಿದ್ದಂತೆ ನಿಂತು, ತೆರೆಯೆಲ್ಲ ಒಂದೇ ಬಣ್ಣವಾಗಿ, ಅರ್ಥವಾಗದ ಎರಡು ಸಾಲುಗಳನ್ನು ತೋರಿಸಿ, ಮತ್ತೆ ಮೊದಲಿನಿಂದ ಪ್ರಾರಂಭವಾಯಿತೆಂದರೆ, ಇದರ ಆಯುಷ್ಯ ಮುಗಿಯಿತೆಂದೇ ತೀರ್ಮಾನಿಸಿಬಿಡುತ್ತಾರೆ. ಇಂತಹ ಕುಸಿತಗಳಲ್ಲಿ ಹಲವಕ್ಕೆ ಕಾರಣವು ಯಂತ್ರದ ಮುಪ್ಪಲ್ಲ. ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಸಣ್ಣದಾದ ವೈ-ಫೈ ಕಾರ್ಡನ್ನು ನಡೆಸುವ 'ಡ್ರೈವರು' ಎಂಬ ತಂತ್ರಾಂಶ. ಈ ತಿಂಗಳ ವಿಭಾಗವನ್ನು ಅದರ ವಿಚಾರಕ್ಕೆ ಮೀಸಲಾಗಿಡುತ್ತೇವೆ.

ಇದಕ್ಕೆ ನಿಮಿತ್ತವಾದುದು ನಿವೃತ್ತ ಉಪಾಧ್ಯಾಯಿನಿಯೊಬ್ಬರ ಪತ್ರ. ಅವರ ಲ್ಯಾಪ್‌ಟಾಪು ಎರಡು ತಿಂಗಳಿನಿಂದ ವಾರಕ್ಕೆ ಮೂರು ನಾಲ್ಕು ಬಾರಿ ಕುಸಿಯುತ್ತಿದೆ. ರಿಪೇರಿಯ ಅಂಗಡಿಯವರು ಅದನ್ನು ಅರ್ಧ ಗಂಟೆ ನೋಡಿ, ಡಿಸ್ಕನ್ನು ಪೂರ್ತಿಯಾಗಿ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಬೇಕೆಂದೂ, ಅದರಿಂದಲೂ ಗುಣವಾಗದಿದ್ದರೆ ಮದರ್‌ಬೋರ್ಡನ್ನೇ ಬದಲಾಯಿಸಬೇಕೆಂದೂ ಹೇಳಿದರಂತೆ. ಹಣದ ಮಾತು ಹಾಗಿರಲಿ. ದಿವಂಗತರಾದ ಅವರ ಯಜಮಾನರ ಧ್ವನಿಯಿರುವ ಮುದ್ರಿಕೆಗಳೂ ಕಡೆಯ ಕೆಲವು ವರ್ಷಗಳ ಛಾಯಾಚಿತ್ರಗಳೂ ಆ ಡಿಸ್ಕಿನಲ್ಲಿ ಮಾತ್ರ ಇವೆ, ಎರಡನೆಯ ಪ್ರತಿಯಿಲ್ಲ. "ಅಳಿಸಲು ಒಪ್ಪಲೇ, ಬೇಡವೇ?" ಎಂಬುದು ಅವರ ಪ್ರಶ್ನೆ.

ಈ ಪತ್ರದಲ್ಲಿ ನಮಗೆ ಬಹಳ ಮೆಚ್ಚಿಕೆಯಾದ ಸಂಗತಿಯೊಂದುಂಟು. ಯಂತ್ರವು ಕುಸಿದಾಗಲೆಲ್ಲ ಆ ಮಹನೀಯರು ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲಿಯೇ ಹೊತ್ತನ್ನೂ, ಆಗ ಮಾಡುತ್ತಿದ್ದ ಕೆಲಸವನ್ನೂ ಗುರುತು ಹಾಕಿದ್ದರು. ಅದನ್ನು ಓದಿದರೆ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ಕುಸಿತಗಳು ಹೆಚ್ಚಾಗಿ ಆದುದು ಮೊಮ್ಮಗನೊಡನೆ ವಿಡಿಯೋ ಕರೆಯಲ್ಲಿ ಮಾತನಾಡುವಾಗ, ಇಲ್ಲವೆ ಮುಚ್ಚಿಟ್ಟ ಯಂತ್ರವನ್ನು ತೆರೆದ ಒಡನೆಯೇ. ಕರೆಂಟು ಹೋಗಿ ಮನೆಯ ವೈ-ಫೈ ಪೆಟ್ಟಿಗೆಯು ಆರಿದ್ದ ವೇಳೆಯಲ್ಲಿ, ಬ್ಯಾಟರಿಯ ಬಲದಿಂದ ಗಂಟೆಗಟ್ಟಲೆ ಬರೆಯುತ್ತ ಕುಳಿತಿದ್ದಾಗ ಒಮ್ಮೆಯೂ ಕುಸಿದಿಲ್ಲ. ವೈದ್ಯನಿಗೆ ಜ್ವರದ ಏರಿಳಿತದ ಪಟ್ಟಿಯು ಹೇಗೋ, ಯಂತ್ರದ ವಿಷಯದಲ್ಲಿ ಇಂತಹ ಟಿಪ್ಪಣಿಯು ಹಾಗೆ. ಆದರೂ ಇಷ್ಟರಿಂದಲೇ ವೈ-ಫೈ ಕಾರ್ಡನ್ನು ಅಪರಾಧಿಯೆಂದು ಸಾರುವಂತಿಲ್ಲ. ಏಕೆಂದರೆ ಕರೆಂಟಿಲ್ಲದಾಗ ವೈ-ಫೈ ಮಾತ್ರವಲ್ಲದೆ ಚಾರ್ಜರೂ ಇರಲಿಲ್ಲ. ಎರಡರಲ್ಲಿ ಯಾವುದೆಂಬುದನ್ನು ಪರೀಕ್ಷಿಸಿಯೇ ತಿಳಿಯಬೇಕು.

ಪರೀಕ್ಷೆಯ ಕ್ರಮವನ್ನು ಹೇಳುವುದಕ್ಕೆ ಮೊದಲು, ಇಷ್ಟು ಸಣ್ಣ ತಂತ್ರಾಂಶವು ಅಷ್ಟು ದೊಡ್ಡ ಯಂತ್ರವನ್ನು ಹೇಗೆ ಕೆಡವಬಲ್ಲುದೆಂಬುದನ್ನು ತಿಳಿಯಬೇಕು. ವಿಂಡೋಸನ್ನು ಒಂದು ಮನೆಯೆಂದು ಭಾವಿಸೋಣ. ನಾವು ತೆರೆಯುವ ಸಾಮಾನ್ಯ ತಂತ್ರಾಂಶಗಳೆಲ್ಲ ಜಗುಲಿಯ ಮೇಲೆ ಕುಳಿತ ಅತಿಥಿಗಳು. ಅವರಲ್ಲೊಬ್ಬನು ತಪ್ಪಿ ನಡೆದರೆ ಅವನೊಬ್ಬನನ್ನು ಎಬ್ಬಿಸಿ ಕಳುಹಿಸಿದರಾಯಿತು. ಆದರೆ ವೈ-ಫೈ ಕಾರ್ಡು ಮುಂತಾದವುಗಳ ಡ್ರೈವರುಗಳು ಅಡಿಗೆಯ ಮನೆಯೊಳಕ್ಕೇ ಪ್ರವೇಶವುಳ್ಳವು. 'ಕರ್ನೆಲ್' ಎಂಬ ಆ ಒಳಮನೆಯಲ್ಲಿ ಎಲ್ಲರ ಪಾತ್ರೆಗಳೂ ಒಂದೆಡೆ ಇರುತ್ತವೆ. ಅಲ್ಲಿ ಒಂದು ಡ್ರೈವರು ತನ್ನದಲ್ಲದ ಪಾತ್ರೆಗೆ ಕೈಹಾಕಿತೆಂದರೆ, ಇನ್ನೇನೇನು ಕಲುಷಿತವಾಗಿದೆಯೋ ತಿಳಿಯದೆ ವಿಂಡೋಸು ಎಲ್ಲ ಕೆಲಸವನ್ನೂ ಆ ಕ್ಷಣದಲ್ಲಿಯೇ ನಿಲ್ಲಿಸುತ್ತದೆ. ನಮಗೆ ಅನಾಹುತವೆಂದು ತೋರುವ ಆ ನಿಲುಗಡೆಯು ವಾಸ್ತವವಾಗಿ ಡಿಸ್ಕಿನಲ್ಲಿರುವ ಕಡತಗಳನ್ನು ಕಾಪಾಡುವ ಉಪಾಯ. ೨೦೨೪ರ ಜುಲೈ ೧೯ರಂದು ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯ ರಕ್ಷಣಾ ತಂತ್ರಾಂಶಕ್ಕೆ ಬಂದ ಒಂದು ದೋಷಯುಕ್ತ ನವೀಕರಣದಿಂದ ಪ್ರಪಂಚದಲ್ಲಿ ಸುಮಾರು ೮೫ ಲಕ್ಷ ವಿಂಡೋಸ್ ಯಂತ್ರಗಳು ಕುಸಿದುವೆಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ವಿಮಾನ ನಿಲ್ದಾಣಗಳಲ್ಲಿ ಜನರು ಸಾಲುಗಟ್ಟಿ ನಿಂತರು. ಅಲ್ಲಿಯೂ ತಪ್ಪು ನಡೆದುದು ಇದೇ ಒಳಮನೆಯಲ್ಲಿ. ಯಂತ್ರಗಳಲ್ಲಿ ಯಾವ ದೋಷವೂ ಇರಲಿಲ್ಲ.

ಡ್ರೈವರುಗಳಲ್ಲಿಯೂ ವೈ-ಫೈ ಕಾರ್ಡಿನದು ವಿಶೇಷ ಕಷ್ಟದ ಜೀವನ. ಅದು ಕ್ಷಣಕ್ಷಣಕ್ಕೂ ಗಾಳಿಯಲ್ಲಿ ಬರುವ ಸಂಕೇತಗಳನ್ನು ಸ್ವೀಕರಿಸಬೇಕು, ಹೊಸ ಹೊಸ ವೈ-ಫೈ ಪೆಟ್ಟಿಗೆಗಳೊಡನೆ ಹೊಂದಿಕೊಳ್ಳಬೇಕು, ಬ್ಯಾಟರಿ ಉಳಿಸುವುದಕ್ಕಾಗಿ ಆಗಾಗ ನಿದ್ರಿಸಿ ಕರೆದೊಡನೆ ಏಳಬೇಕು. ಇದರ ಮೇಲೆ, ವಿಂಡೋಸಿನ ಒಂದು ಆವೃತ್ತಿಗಾಗಿ ಬರೆದ ಡ್ರೈವರು ಮುಂದಿನ ಆವೃತ್ತಿಯಲ್ಲಿಯೂ ದುಡಿಯಬೇಕಾಗಿ ಬರುತ್ತದೆ. ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿದುದರಿಂದ ಅನೇಕ ಮನೆಗಳ ಯಂತ್ರಗಳು ವಿಂಡೋಸ್ ೧೧ಕ್ಕೆ ಬಂದಿವೆ. ಹಳೆಯ ಡ್ರೈವರಿನ ಕುಂದುಗಳು ಹೊರಬೀಳುವುದಕ್ಕೆ ಇಂತಹ ಬದಲಾವಣೆಯೂ ಒಂದು ಸಂದರ್ಭ.

ಇನ್ನು ಪರೀಕ್ಷೆ. ಮೊದಲನೆಯದಾಗಿ, ಕುಸಿದಾಗ ತೆರೆಯ ಮೇಲೆ ಬರುವ ಬರಹವನ್ನು ಓದಬೇಕು. ಆ ತೆರೆಯು ಬಹುಕಾಲ ನೀಲಿಯಾಗಿತ್ತು. ವಿಂಡೋಸ್ ೧೧ರಲ್ಲಿ ೨೦೨೫ರಲ್ಲಿ ಬಂದ ಮಾರ್ಪಾಟಿನಿಂದ ಕಪ್ಪಾಗಿದೆ. ಕೈಯಲ್ಲಿ ಮೊಬೈಲಿದ್ದರೆ ಅದರ ಚಿತ್ರ ತೆಗೆದುಕೊಳ್ಳುವುದು ಉತ್ತಮ. 'ಡ್ರೈವರ್ ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್' ಎಂದಿದ್ದರೆ, ಯಾವುದೋ ಒಂದು ಡ್ರೈವರು ತುರ್ತು ಕೆಲಸದ ನಡುವೆ ಮುಟ್ಟಬಾರದ ನೆನಪಿನ ಸ್ಥಾನವನ್ನು ಮುಟ್ಟಿತೆಂದು ಅರ್ಥ. 'ಡ್ರೈವರ್ ಪವರ್ ಸ್ಟೇಟ್ ಫೈಲ್ಯೂರ್' ಎಂದಿದ್ದರೆ, ಮಲಗುವಾಗಲೋ ಏಳುವಾಗಲೋ ಡ್ರೈವರು ವೇಳೆಗೆ ಸರಿಯಾಗಿ ಉತ್ತರ ಕೊಡಲಿಲ್ಲವೆಂದು ಅರ್ಥ. ಎಷ್ಟೋ ವೇಳೆ ಇದರ ಕೆಳಗೆ ತಪ್ಪಿದ ಕಡತದ ಹೆಸರೂ ಇರುತ್ತದೆ. ಆ ಹೆಸರು 'ನೆಟ್‌ಡಬ್ಲ್ಯುಟಿಡಬ್ಲ್ಯು' ಎಂದು ಮೊದಲಾದರೆ ಇಂಟೆಲ್ ಕಾರ್ಡಿನ ಡ್ರೈವರು. 'ಬಿಸಿಎಂಡಬ್ಲ್ಯುಎಲ್' ಎಂದು ಮೊದಲಾದರೆ ಬ್ರಾಡ್‌ಕಾಮ್ ಕಾರ್ಡಿನದು. ಕಂಪೆನಿಯ ಹೆಸರನ್ನು ಗುರುತಿಗಾಗಿ ಹೇಳಿದೆವೇ ಹೊರತು ದೂಷಣೆಗಾಗಿ ಅಲ್ಲ. 'ಎನ್‌ಡಿಐಎಸ್' ಎಂಬ ಹೆಸರು ಕಂಡರೆ ಮಾತ್ರ ಮೋಸಹೋಗಬಾರದು. ಅದು ಜಾಲದ ಕೆಲಸಕ್ಕಾಗಿ ವಿಂಡೋಸೇ ಇಟ್ಟುಕೊಂಡಿರುವ ಭಾಗ. ಅದು ಅನೇಕ ವೇಳೆ ಅಪರಾಧಿಯಲ್ಲ, ಸ್ಥಳದಲ್ಲಿದ್ದ ಸಾಕ್ಷಿ.

ತೆರೆಯನ್ನು ಓದುವಷ್ಟರಲ್ಲಿ ಮಾಯವಾದರೆ ಚಿಂತೆಯಿಲ್ಲ. ಹುಡುಕುವ ಪೆಟ್ಟಿಗೆಯಲ್ಲಿ 'ರಿಲಯಬಿಲಿಟಿ' ಎಂದು ಬರೆದರೆ ದೊರೆಯುವ ಪಟ್ಟಿಯಲ್ಲಿ, ಯಾವ ದಿನ ಏನು ಕೆಟ್ಟಿತು, ಅದಕ್ಕೆ ಮೊದಲು ಯಾವ ನವೀಕರಣ ಬಂದಿತ್ತು ಎಂಬುದು ದಿನವಹಿಯಂತೆ ಕಾಣುತ್ತದೆ.

ಎರಡನೆಯದಾಗಿ, 'ಡಿವೈಸ್ ಮ್ಯಾನೇಜರ್' ತೆರೆದು, 'ನೆಟ್‌ವರ್ಕ್ ಅಡಾಪ್ಟರ್ಸ್' ಎಂಬಲ್ಲಿ ವೈ-ಫೈ ಕಾರ್ಡನ್ನು ಗುರುತಿಸಿ, ಅದನ್ನು 'ಡಿಸೇಬಲ್' ಮಾಡಬೇಕು. ವಿಮಾನದ ಗುರುತುಳ್ಳ ಗುಂಡಿಯನ್ನು ಒತ್ತಿದರೆ ಸಾಲದು. ಅದರಿಂದ ರೇಡಿಯೋ ಮಾತ್ರ ನಿಲ್ಲುತ್ತದೆ, ಡ್ರೈವರು ಒಳಮನೆಯಲ್ಲಿಯೇ ಇರುತ್ತದೆ. ಹೀಗೆ ಕಾರ್ಡನ್ನು ನಿಲ್ಲಿಸಿ, ಚಾರ್ಜರನ್ನು ಎಂದಿನಂತೆ ಜೋಡಿಸಿಯೇ, ಎರಡು ಕುಸಿತಗಳ ನಡುವೆ ಸಾಮಾನ್ಯವಾಗಿ ಎಷ್ಟು ದಿನವೋ ಅದರ ಮೂರರಷ್ಟು ದಿನ ಯಂತ್ರವನ್ನು ಉಪಯೋಗಿಸಬೇಕು. ಜಾಲ ಬೇಕಾದವರು ಕೇಬಲನ್ನಾಗಲಿ, ಯುಎಸ್‌ಬಿ ತಂತಿಯ ಮೂಲಕ ಮೊಬೈಲನ್ನಾಗಲಿ ಜೋಡಿಸಿಕೊಳ್ಳಬಹುದು. ಈ ಅವಧಿಯಲ್ಲಿ ಕುಸಿತವಿಲ್ಲದಿದ್ದರೆ ಚಾರ್ಜರು ನಿರ್ದೋಷಿ, ಅನುಮಾನವು ಕಾರ್ಡಿನ ಮೇಲೆಯೇ ನಿಂತಿತು. ಕುಸಿತವು ಮುಂದುವರಿದರೆ ನೆನಪಿನ ಪಟ್ಟಿ, ಶಾಖ, ಡಿಸ್ಕು ಇವುಗಳನ್ನು ಪರೀಕ್ಷಿಸಬೇಕು. ಡ್ರೈವರನ್ನು ತಿದ್ದಿ ಫಲವಿಲ್ಲ.

ಯಂತ್ರವು ಸ್ಥಿರವಾಗಿರುವ ಈ ದಿನಗಳಲ್ಲಿ ಗೃಹಸ್ಥನು ಮೊಟ್ಟಮೊದಲು ಮಾಡಬೇಕಾದ ಕೆಲಸವೆಂದರೆ ತನ್ನ ಕಡತಗಳನ್ನೆಲ್ಲ ಹೊರಗಿನ ಡಿಸ್ಕಿಗೆ ಪ್ರತಿ ಮಾಡಿಕೊಳ್ಳುವುದು. ಉಳಿದ ಯಾವ ಚಿಕಿತ್ಸೆಯೂ ಇದಕ್ಕಿಂತ ಮುಂಚೆಯಲ್ಲ. ಪ್ರತಿಯಾದ ಮೇಲೆ ಒಂದೆರಡು ಚಿತ್ರಗಳನ್ನೂ ಮುದ್ರಿಕೆಗಳನ್ನೂ ಹೊರಗಿನ ಡಿಸ್ಕಿನಿಂದಲೇ ತೆರೆದು ನೋಡಿ ಖಚಿತಪಡಿಸಿಕೊಳ್ಳಬೇಕು.

ಮೂರನೆಯದು ಚಿಕಿತ್ಸೆ. ತೊಂದರೆಯು ಇತ್ತೀಚಿನ ನವೀಕರಣದ ತರುವಾಯ ಮೊದಲಾಗಿದ್ದರೆ, ಕಾರ್ಡಿನ 'ಪ್ರಾಪರ್ಟೀಸ್' ತೆರೆದು 'ಡ್ರೈವರ್' ಎಂಬ ಪುಟದಲ್ಲಿ 'ರೋಲ್ ಬ್ಯಾಕ್ ಡ್ರೈವರ್' ಎಂಬುದನ್ನು ಒತ್ತಿದರೆ ಹಿಂದಿನ ಡ್ರೈವರು ಮರಳುತ್ತದೆ. ಹಿಂದಿನದು ಯಂತ್ರದಲ್ಲಿ ಉಳಿದಿಲ್ಲವಾದರೆ ಆ ಗುಂಡಿಯು ಮಂಕಾಗಿ, ಒತ್ತಲು ಬಾರದಂತಿರುತ್ತದೆ. ಆಗ ಲ್ಯಾಪ್‌ಟಾಪನ್ನು ತಯಾರಿಸಿದವರ ತಾಣದಲ್ಲಿ ನಮ್ಮ ಮಾದರಿಯ ಹೆಸರನ್ನು ಕೊಟ್ಟು, ನಮ್ಮ ವಿಂಡೋಸಿಗೆ ತಕ್ಕ ಡ್ರೈವರನ್ನು ಇಳಿಸಿಕೊಳ್ಳಬೇಕು. ಎಲ್ಲ ಡ್ರೈವರುಗಳನ್ನೂ ತಾವೇ ಸರಿಪಡಿಸುವೆವೆಂದು ಜಾಹೀರಾತು ಕೊಡುವ ತಂತ್ರಾಂಶಗಳನ್ನು ನಂಬಬಾರದು.

ಇಲ್ಲಿ ಅನುಕ್ರಮವು ಮುಖ್ಯ. ಹೊಸ ಡ್ರೈವರನ್ನು ಇಳಿಸಿಕೊಂಡ ಮೇಲೆಯೇ ಹಳೆಯದನ್ನು ತೆಗೆಯಬೇಕು. ಇಲ್ಲವಾದರೆ ಡ್ರೈವರಿಲ್ಲದೆ ಜಾಲವಿಲ್ಲ, ಜಾಲವಿಲ್ಲದೆ ಡ್ರೈವರಿಲ್ಲ ಎಂಬ ಫಜೀತಿಯಾದೀತು. ತೆಗೆಯುವಾಗ, ಡ್ರೈವರನ್ನೂ ತೆಗೆದುಹಾಕಬೇಕೆ ಎಂದು ಕೇಳುವ ಸಣ್ಣ ಚೌಕದಲ್ಲಿ ಗುರುತು ಹಾಕಲು ಮರೆಯಬಾರದು. ಗುರುತಿಲ್ಲದಿದ್ದರೆ ವಿಂಡೋಸು ಮರುಪ್ರಾರಂಭದ ವೇಳೆಯಲ್ಲಿ ಅದೇ ದೋಷಯುಕ್ತ ಡ್ರೈವರನ್ನು ತಾನೇ ಹುಡುಕಿ ಪುನಃ ಹಾಕುತ್ತದೆ; ನಾವು ಹೊಸದು ಬಂತೆಂದು ಭ್ರಮಿಸುತ್ತೇವೆ. ಆ ಬಳಿಕ ಯಂತ್ರವನ್ನು ಮರುಪ್ರಾರಂಭಿಸಿ ಇಳಿಸಿಕೊಂಡುದನ್ನು ಹಾಕಿ, 'ಡ್ರೈವರ್' ಪುಟದಲ್ಲಿ ತಾರೀಖೂ ಆವೃತ್ತಿಯೂ ಬದಲಾಗಿವೆಯೇ ಎಂದು ನೋಡಬೇಕು. ವಿಂಡೋಸಿನ ನವೀಕರಣವು ಹಳೆಯದನ್ನೇ ಮರಳಿ ತರುವುದು ಕಂಡುಬಂದರೆ ನವೀಕರಣಗಳನ್ನು ಕೆಲವು ವಾರ ತಡೆದಿಡಬಹುದು. ಆದರೆ ರಕ್ಷಣೆಯ ದೃಷ್ಟಿಯಿಂದ ಅದನ್ನು ಶಾಶ್ವತ ಮಾಡಬಾರದು.

ಮುಚ್ಚಿ ತೆರೆದಾಗ ಕುಸಿಯುವ ಯಂತ್ರಕ್ಕೆ ಇನ್ನೊಂದು ಉಪಾಯವುಂಟು. ಕಾರ್ಡಿನ 'ಪವರ್ ಮ್ಯಾನೇಜ್‌ಮೆಂಟ್' ಪುಟವಿರುವ ಯಂತ್ರಗಳಲ್ಲಿ, ವಿದ್ಯುತ್ತನ್ನು ಉಳಿಸಲು ಕಾರ್ಡನ್ನು ಆರಿಸಬಹುದೆಂಬ ಅನುಮತಿಯ ಗುರುತನ್ನು ತೆಗೆದುಬಿಡುವುದು. ಬ್ಯಾಟರಿ ಸ್ವಲ್ಪ ಬೇಗನೆ ಮುಗಿಯಬಹುದು, ನಷ್ಟ ಅಷ್ಟೇ.

ಇಷ್ಟೆಲ್ಲ ಮಾಡಿದರೂ ಗುಣವಾಗದಿದ್ದರೆ, ಅಥವಾ ಕಾರ್ಡು ಹಳೆಯದಾಗಿ ತಯಾರಕರು ಹೊಸ ಡ್ರೈವರು ಕೊಡುವುದನ್ನೇ ನಿಲ್ಲಿಸಿದ್ದರೆ, ಕಾರ್ಡನ್ನು ನಿಲ್ಲಿಸಿಯೇ ಇಟ್ಟು ಯುಎಸ್‌ಬಿಯಲ್ಲಿ ಸಿಕ್ಕಿಸುವ ಸಣ್ಣ ವೈ-ಫೈ ಸಾಧನವನ್ನು ಕೊಳ್ಳುವುದು ಸುಲಭ. ಒಳಗಿನ ಕಾರ್ಡನ್ನು ಬದಲಾಯಿಸುವುದೂ ಸಾಧ್ಯ. ಆದರೆ ಕೆಲವು ಯಂತ್ರಗಳಲ್ಲಿ ಅದನ್ನು ಬೆಸುಗೆ ಹಾಕಿರುತ್ತಾರೆ, ಇನ್ನು ಕೆಲವು ಯಂತ್ರಗಳು ತಯಾರಕರು ಒಪ್ಪಿದ ಕಾರ್ಡುಗಳನ್ನಲ್ಲದೆ ಬೇರೆಯವನ್ನು ಸ್ವೀಕರಿಸುವುದಿಲ್ಲ. ಆದಕಾರಣ ಕೊಳ್ಳುವ ಮೊದಲು ವಿಚಾರಿಸಬೇಕು.

ನಮ್ಮ ಉಪಾಧ್ಯಾಯಿನಿಯವರಿಗೆ ಅಳಿಸಲು ಒಪ್ಪಬೇಡಿರೆಂದು ಬರೆದು, ಈ ಕ್ರಮವನ್ನೇ ತಿಳಿಸಿದೆವು. ಕಾರ್ಡು ನಿಂತಿದ್ದ ಒಂಬತ್ತು ದಿನಗಳಲ್ಲಿ, ಚಾರ್ಜರಿದ್ದರೂ ಒಮ್ಮೆಯೂ ಕುಸಿತವಾಗಲಿಲ್ಲ. ಮುದ್ರಿಕೆಗಳೂ ಚಿತ್ರಗಳೂ ಎರಡು ಡಿಸ್ಕುಗಳಲ್ಲಿ ಸುರಕ್ಷಿತವಾದುವು. ಹಿಂದಿನ ಡ್ರೈವರು ಉಳಿದಿರಲಿಲ್ಲವಾಗಿ ತಯಾರಕರ ತಾಣದಿಂದ ತಂದುದನ್ನು ಹಾಕಿದರು. ಕುಸಿತವು ವಾರಕ್ಕೊಮ್ಮೆಗೆ ಇಳಿಯಿತಾದರೂ ನಿಲ್ಲಲಿಲ್ಲ. ಅದೂ ಮುಚ್ಚಳ ತೆರೆದಾಗ ಮಾತ್ರ. ವಿದ್ಯುತ್ತಿನ ಗುರುತನ್ನು ತೆಗೆದ ಮೇಲೆ ಒಂದು ತಿಂಗಳು ನಿರ್ವಿಘ್ನವಾಗಿ ಕಳೆದಿದೆಯೆಂದು ತಿಳಿಸಿದ್ದಾರೆ. ಖರ್ಚಾದುದು ಹೊರಗಿನ ಡಿಸ್ಕಿನ ಬೆಲೆಯಷ್ಟೆ.

ರಿಪೇರಿಯವರಲ್ಲಿ ನಿಪುಣರೂ ಪ್ರಾಮಾಣಿಕರೂ ಬಹಳ ಮಂದಿ ಇದ್ದಾರೆ. ಅವರ ಬಳಿಗೆ ಹೋಗಬಾರದೆಂದು ನಾವು ಹೇಳುವುದಿಲ್ಲ. ಆದರೆ ಡಿಸ್ಕನ್ನು ಅಳಿಸಲು ಅನುಮತಿ ಕೊಡುವ ಮೊದಲು ಮೂರು ಪ್ರಶ್ನೆಗಳನ್ನು ಕೇಳುವ ಅಧಿಕಾರ ಗೃಹಸ್ಥನಿಗೆ ಉಂಟು. ಕುಸಿದಾಗ ತೆರೆಯ ಮೇಲೆ ಯಾವ ಕಡತದ ಹೆಸರು ಬಂದಿತು? ಆ ಭಾಗವನ್ನು ನಿಲ್ಲಿಸಿ ಎಷ್ಟು ಹೊತ್ತು ಪರೀಕ್ಷಿಸಿದಿರಿ? ನಮ್ಮ ಕಡತಗಳ ಪ್ರತಿ ಎಲ್ಲಿದೆ? ಈ ಮೂರಕ್ಕೂ ಸಮರ್ಪಕವಾದ ಉತ್ತರ ದೊರೆಯುವವರೆಗೆ ಒಪ್ಪಿಗೆಯನ್ನು ತಡೆಹಿಡಿಯುವುದು ಕ್ಷೇಮ.

ಇಂತಹ ತೊಂದರೆಗಳ ವಿಷಯವಾಗಿ ನಮಗೆ ಬರೆಯುವ ವಾಚಕರು, ಯಂತ್ರದ ಮಾದರಿ, ವಿಂಡೋಸಿನ ಆವೃತ್ತಿ, ತೆರೆಯ ಮೇಲೆ ಕಂಡ ಮಾತುಗಳು, ಕುಸಿದ ದಿನ ಮತ್ತು ಹೊತ್ತು ಇಷ್ಟನ್ನು ತಪ್ಪದೆ ಬರೆದು ಕಳುಹಿಸಬೇಕೆಂದು ಕೋರುತ್ತೇವೆ. "ಕಂಪ್ಯೂಟರು ಸರಿಯಿಲ್ಲ" ಎಂಬ ಒಂದು ಸಾಲಿನ ಪತ್ರಕ್ಕೆ ಉತ್ತರ ಕೊಡುವುದು ಯಾರಿಗೂ ಸಾಧ್ಯವಲ್ಲ.