ಶಾಮಿಯಾನದ ಕೆಂಪು, ಮದುಮಗಳ ಬಣ್ಣ

ಹುಮನಾಬಾದಿನ ಒಂದು ಫಂಕ್ಷನ್ ಹಾಲಿನಲ್ಲಿ ಮೇ ತಿಂಗಳ ಲಗ್ನ. ಮುಹೂರ್ತ 12.30ಕ್ಕೆ. ಹನ್ನೆರಡಾಗುತ್ತ ಬಂದರೂ ಮದುಮಗಳ ಕೋಣೆಯಲ್ಲಿ ಮುಖದ ಕೆಲಸ ಮುಗಿದಿರಲಿಲ್ಲ. ಗಾಳಿಗೆ ಪೌಡರ್ ಹಾರುತ್ತದೆಂದು ಕೂಲರಿನ ಮೋರೆಯನ್ನು ಗೋಡೆಗೆ ತಿರುಗಿಸಿದ್ದರು. ಹೈದರಾಬಾದಿನಿಂದ ಬಂದ ಮೇಕಪ್ಪಿನ ಹುಡುಗಿ ಸ್ಪಂಜಿನಿಂದ ಕೆನ್ನೆ ತಟ್ಟುತ್ತ ಕೆಳಗಿಳಿದು ದವಡೆಯ ಅಂಚಿಗೆ ಬಂದು ನಿಂತಳು. ಅಲ್ಲಿಗೆ ಫೌಂಡೇಶನ್ ಮುಗಿದಿತ್ತು. ಅಲ್ಲಿಂದ ಕೆಳಗೆ ಮದುಮಗಳ ಸ್ವಂತ ಬಣ್ಣ.

ಬಾಗಿಲಲ್ಲಿ ನಿಂತಿದ್ದ ಅಜ್ಜಿಗೆ ತಡೆಯಲಾಗಲಿಲ್ಲ. “ಮಾರಿ ಒಬ್ಬಾಕಿದು, ಕುತ್ತಗಿ ಇನ್ನೊಬ್ಬಾಕಿದು ಕಾಣ್ಲತ್ತದ ನೋಡವ್ವ.”

“ಫೋಟೋದಾಗ ಛಂದ ಬರ್ತದ ಆಯಿ. ಕ್ಯಾಮೆರಾಕ್ಕ ಹಿಂಗೇ ಬೇಕು,” ಎಂದಳು ಮದುಮಗಳು.

“ಲಗ್ನ ಕ್ಯಾಮೆರಾದ್ದೇನು, ನಿಂದೇನು?”

ಕೋಣೆಯಲ್ಲಿದ್ದ ಹೆಂಗಸರೆಲ್ಲ ನಕ್ಕೆವು. ಮದುಮಗಳೂ ನಕ್ಕಳು, ತುಟಿಯ ಬಣ್ಣ ಕೆಡದಷ್ಟು. ಆಮೇಲೆ ಊಟದ ಪಂಕ್ತಿಯಲ್ಲಿ ಕೂತಾಗ ನನಗೆ ಆ ಎರಡು ಮಾತು ತಲೆಯಿಂದ ಹೋಗಲೇ ಇಲ್ಲ. ಯಾರದು ಸರಿ?

ಮೊದಲು ಹುಡುಗಿಯ ಪರ ನಿಲ್ಲುತ್ತೇನೆ. ಮನೆಯಲ್ಲಿ ಅವಳ ಮಾತಿಗೆ ಕಿವಿಗೊಡುವವರು ಕಡಿಮೆ. ಕ್ಯಾಮೆರಾಕ್ಕೆ ಬೇರೆಯದೇ ತಯಾರಿ ಬೇಕೆನ್ನುವುದು ಬರೀ ಶೋಕಿಯ ಮಾತಲ್ಲ. ನಮ್ಮ ಕಡೆ ಹಳ್ಳಿಯ ಲಗ್ನಗಳು ಈಗಲೂ ಮನೆಯ ಮುಂದೆ ಶಾಮಿಯಾನದ ಕೆಳಗೆ, ನಡುಹಗಲಿಗೆ ಆಗುತ್ತವೆ. ಮೇಲೆ ಕೆಂಪು–ಹಳದಿ ಪಟ್ಟಿಯ ಬಟ್ಟೆ. ಅದರಲ್ಲಿ ಸೋಸಿ ಇಳಿದ ಬಿಸಿಲಿಗೆ ಕೆಳಗೆ ಕೂತವರೆಲ್ಲ ಕೆಂಪಾಗಿರುತ್ತಾರೆ, ಆದರೆ ಕೂತವರಿಗೆ ಅದು ಗೊತ್ತೇ ಆಗುವುದಿಲ್ಲ. ನಮ್ಮ ಕಣ್ಣು ಅರೆಗಳಿಗೆಯಲ್ಲಿ ಆ ಕೆಂಪನ್ನು ಕಳೆದುಬಿಡುತ್ತದೆ. ಕ್ಯಾಮೆರಾಕ್ಕೆ ಆ ಲೆಕ್ಕ ಪೂರ್ತಿ ಬರುವುದಿಲ್ಲ. ಬಿಳಿ ಧೋತರ ಗುಲಾಬಿಯಾಗುತ್ತದೆ, ಅರಿಶಿನ ಹಚ್ಚಿದ ಕೆನ್ನೆ ಕಿತ್ತಳೆಯಾಗುತ್ತದೆ. ಬಿಸಿಲು ನೆತ್ತಿಯ ಮೇಲೆ ನೇರ ಬಿದ್ದರೆ ಹುಬ್ಬಿನ ನೆರಳು ಕಣ್ಣಿನ ಗುಳಿಯಲ್ಲಿ ತುಂಬಿಕೊಂಡು, ಮೂಗಿನ ನೆರಳು ತುಟಿಗೆ ಇಳಿದು, ನಗುನಗುತ್ತ ನಿಂತ ಹುಡುಗಿ ವಾರ ನಿದ್ದೆಗೆಟ್ಟವಳಂತೆ ಬರುತ್ತಾಳೆ. ಎಲ್ಲರನ್ನೂ ಹಿಡಿಸಬೇಕೆಂದು ಅಗಲದ ಲೆನ್ಸ್ ಹಾಕಿದರೆ ಸಾಲಿನ ಕೊನೆಯಲ್ಲಿ ನಿಂತ ಸೋದರಮಾವ ಎರಡು ಪಟ್ಟು ಹಿಗ್ಗುತ್ತಾನೆ. ಪಾಪ, ಅವನ ಹೆಂಡತಿ ಆ ಫೋಟೋವನ್ನು ಎಷ್ಟು ವರ್ಷ ನೆಂಟರಿಗೆ ತೋರಿಸುತ್ತಾಳೋ.

ಹೀಗಿರುವಾಗ ಏನೂ ಮಾಡದೆ ನಿಂತವರ ಮುಖ ನಿಜ, ತಯಾರಾಗಿ ನಿಂತವರದು ಸುಳ್ಳು ಎನ್ನಲು ಬರುವುದಿಲ್ಲ. ಕೆಲಸ ಬಲ್ಲ ಫೋಟೋಗ್ರಾಫರ್ ಮದುಮಗಳನ್ನು ಶಾಮಿಯಾನದ ನಡುವಿನಿಂದ ಎಬ್ಬಿಸಿ ಬಯಲಿನ ಬೆಳಕು ಬರುವ ಅಂಚಿಗೋ, ಜಗಲಿಯ ನೆರಳಿಗೋ ಕರೆತರುತ್ತಾನೆ. “ಅಕ್ಕಾ, ಗದ್ದ ಜರಾ ಮುಂದ ತರ್ರಿ, ಕೆಳಗ ಮಾಡ್ರಿ. ಭಾರ ಹಿಂದಿನ ಕಾಲಿನ ಮ್ಯಾಲ ಹಾಕ್ರಿ. ಭುಜ ಅಡ್ಡ ತಿರುಗಿಸ್ರಿ.” ಇಷ್ಟಕ್ಕೇ ಅರ್ಧ ಕೆಲಸ ಆಗಿಹೋಗುತ್ತದೆ. ಈ ನಿಲುವು ಅವನು ಮೊಬೈಲಿನಲ್ಲಿ ನೋಡಿ ಕಲಿತಿರಬಹುದು. ಆದರೆ ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ಗುಡಿಗೆ ಹೋಗಿ ನೋಡಿದರೆ ಹೊರಗೋಡೆಯ ಶಿಲಾಬಾಲಿಕೆಯರು ಚಾಲುಕ್ಯರ ಕಾಲದಿಂದ ಹಾಗೆಯೇ ನಿಂತಿದ್ದಾರೆ: ಭಾರವೆಲ್ಲ ಒಂದು ಕಾಲಿನ ಮೇಲೆ, ನಡು ಒಂದು ಕಡೆ, ಭುಜ ಇನ್ನೊಂದು ಕಡೆ. ಅವರಲ್ಲೊಬ್ಬಳು ಮೈ ತಿರುವಿ ನಿಂತು ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಶಾಸನ ಬರೆಯುತ್ತಿದ್ದಾಳೆ. ಬರೆಯುವ ಕೆಲಸಕ್ಕೆ ಅಷ್ಟು ಬಳುಕುವ ಅಗತ್ಯವಿರಲಿಲ್ಲ. ಶಿಲ್ಪಿಗೆ ಬೇಕಿತ್ತು, ಬಳುಕಿಸಿದ.

ಆ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಕೂತು ಆಳಿದವನು. 1129ರ ಸುಮಾರಿಗೆ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ಬರೆದ. ಅದರಲ್ಲಿ ಸ್ನಾನ, ಮೈಗೆ ಹಚ್ಚುವ ಲೇಪನ, ಬಟ್ಟೆ, ಹೂಮಾಲೆ, ಒಡವೆ, ತಾಂಬೂಲ ಒಂದೊಂದಕ್ಕೂ ಅಧ್ಯಾಯವಿದೆ. ಈಗಿನ ಬ್ರೈಡಲ್ ಪ್ಯಾಕೇಜಿನವರು ಹಾಕುವ ಪಟ್ಟಿಗಿಂತ ಉದ್ದವೇ. ಅದೇ ಗ್ರಂಥದಲ್ಲಿ ಚಿತ್ರಕಲೆಯ ಭಾಗವೂ ಉಂಟು. ಎದುರಿಗಿರುವುದನ್ನು ಕನ್ನಡಿಯಲ್ಲಿ ಕಂಡ ಹಾಗೆ ಬರೆದರೆ ಅದು ವಿದ್ಧಚಿತ್ರ, ಮನಸ್ಸಿಗೆ ಬಂದ ಹಾಗೆ ಬರೆದರೆ ಅವಿದ್ಧಚಿತ್ರ, ಭಾವವನ್ನು ಹಿಡಿದು ತೋರಿಸಿದರೆ ಭಾವಚಿತ್ರ ಎಂದು ರಾಜ ವಿಂಗಡಿಸುತ್ತಾನೆ. ನಾವು ಈಗ ಪಾಸ್‌ಪೋರ್ಟ್ ಸೈಜಿನ ಫೋಟೋಕ್ಕೂ ಭಾವಚಿತ್ರ ಅನ್ನುತ್ತೇವೆ. ಅಜ್ಜಿ ಕೇಳಿದ್ದು ವಿದ್ಧಚಿತ್ರ. ಮೊಮ್ಮಗಳು ಕೇಳಿದ್ದು ಇನ್ನೊಂದು. ಕಲ್ಯಾಣದ ಅರಸ ಎರಡನ್ನೂ ಚಿತ್ರ ಎಂದೇ ಕರೆದ.

ಹುಡುಗಿಯ ಪರ ಇನ್ನೊಂದು ಮಾತಿದೆ. ನಮ್ಮ ಭಾಗ 1948ರ ತನಕ ನಿಜಾಮರ ಆಳ್ವಿಕೆಯಲ್ಲಿತ್ತು. ಆರನೆಯ ನಿಜಾಮರ ಆಸ್ಥಾನದ ಫೋಟೋಗ್ರಾಫರ್ ರಾಜಾ ದೀನದಯಾಳ್ 1892ರಲ್ಲಿ ಹೈದರಾಬಾದಿನಲ್ಲಿ ಪರದೆಯ ಹೆಂಗಸರಿಗಾಗಿಯೇ ಒಂದು ಜನಾನಾ ಸ್ಟುಡಿಯೋ ತೆರೆದರು. ಒಳಗೆ ಕ್ಯಾಮೆರಾ ನೋಡಿಕೊಳ್ಳುತ್ತಿದ್ದವಳು ಒಬ್ಬ ಇಂಗ್ಲಿಷ್ ಹೆಂಗಸು. ಆದರೆ ಅಲ್ಲಿಗೆ ಹೋಗಬಲ್ಲವರು ದೊಡ್ಡ ಮನೆತನದವರು. ಬಸವಕಲ್ಯಾಣದ ಒಬ್ಬ ಸಾಮಾನ್ಯ ರೈತನ ಮಗಳ ಫೋಟೋ ಎಂದರೆ, ನನ್ನ ತಾಯಿಯ ತಲೆಮಾರಿನ ತನಕ, ಲಗ್ನದ ದಿನ ಗಂಡನ ಪಕ್ಕ ಕುರ್ಚಿಯಲ್ಲಿ ಕೂಡಿಸಿ ತೆಗೆದ ಒಂದೇ ಒಂದು. ನಮ್ಮ ತಾಯಿಯ ಆ ಒಂದರಲ್ಲಿ ಬಾಸಿಂಗ ಹಣೆ ದಾಟಿ ಹುಬ್ಬಿಗೆ ಇಳಿದಿದೆ, ಕಣ್ಣು ಮುಚ್ಚಿವೆ. ರೋಲಿನಲ್ಲಿ ಹನ್ನೆರಡೇ ಫೋಟೋ. ಎರಡನೆಯ ಸಲ ಕ್ಲಿಕ್ ಮಾಡಲು ಯಾರಿಗೂ ತೋಚಲಿಲ್ಲ. ಇಪ್ಪತ್ತರ ವಯಸ್ಸಿನ ನನ್ನ ತಾಯಿಯ ಕಣ್ಣು ಹೇಗಿದ್ದವು ಎಂದು ತೋರಿಸುವ ಒಂದು ಚಿತ್ರವೂ ನಮ್ಮ ಮನೆಯಲ್ಲಿಲ್ಲ. ‘ಸಹಜವಾಗಿ ಬಂದದ್ದೇ ಛಂದ’ ಎನ್ನುವವರಿಗೆ ನಾನು ಆ ಫೋಟೋ ತೋರಿಸುತ್ತೇನೆ.

ಈಗ ಅಜ್ಜಿಯ ಕಡೆಗೆ ಬರುತ್ತೇನೆ.

ಅಜ್ಜಿ ನೋಡಿದ ಆ ದವಡೆಯ ಗೆರೆ ಸಣ್ಣದಲ್ಲ. ಮೇಕಪ್ಪಿನವರು ಫೌಂಡೇಶನ್ನನ್ನು ಮೈಬಣ್ಣಕ್ಕಿಂತ ಒಂದೆರಡು ಮೆಟ್ಟಿಲು ಬೆಳ್ಳಗೆ ಆರಿಸುತ್ತಾರೆ. ಕೇಳಿದರೆ ಮನೆಯವರೇ ಹೇಳುತ್ತಾರೆ ಎನ್ನುತ್ತಾರೆ, ಅದು ಬಹಳ ಸಲ ನಿಜವೂ ಹೌದು. ಅದರ ಮೇಲೆ ಹಚ್ಚುವ ಕೆಲವು ಪೌಡರುಗಳಲ್ಲಿ ಸತುವಿನ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುತ್ತವೆ. ಫ್ಲ್ಯಾಶ್ ಬಿದ್ದೊಡನೆ ಇವು ಬೆಳಕನ್ನು ಮರಳಿ ಎರಚುತ್ತವೆ. ಕೋಣೆಯ ಕನ್ನಡಿಯಲ್ಲಿ ಸರಿಯಿದ್ದ ಮುಖ ಫೋಟೋದಲ್ಲಿ ಸುಣ್ಣ ಬಳಿದಂತೆ ಬರುತ್ತದೆ. ಕೈಗೆ ಮೆಹಂದಿ, ಬೆರಳಿಗೆ ಅರಿಶಿನದ ಕಲೆ, ತೋಳಿಗೆ ಹೊಲದ ಬಿಸಿಲಿನ ಬಣ್ಣ. ಅವುಗಳ ಮೇಲೆ ಬೇರೆಲ್ಲಿಂದಲೋ ತಂದಿಟ್ಟ ಮುಖ. ಫ್ಲ್ಯಾಶ್ ಹೊಡೆದು ಒಂದು ಟ್ರಯಲ್ ಫೋಟೋ ನೋಡಿಕೊಂಡಿದ್ದರೆ ಇಷ್ಟು ಆಗುತ್ತಿರಲಿಲ್ಲ. ನಮ್ಮಲ್ಲಿ ಟ್ರಯಲ್ ಮಾಡುವುದು ಬ್ಲೌಸಿಗೆ ಮಾತ್ರ.

ಬಿಳಿ ಬಣ್ಣದ ಈ ಗೀಳು ನಮ್ಮದೊಬ್ಬರದೇ ಅಲ್ಲ, ಯಂತ್ರಕ್ಕೂ ಇತ್ತು. ಕೊಡಕ್ ಕಂಪನಿ ತನ್ನ ಬಣ್ಣದ ಪ್ರಿಂಟುಗಳನ್ನು ಹೊಂದಿಸಲು ಲ್ಯಾಬುಗಳಿಗೆ ಕೊಡುತ್ತಿದ್ದ ಮಾದರಿ ಕಾರ್ಡಿನಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಹೆಣ್ಣಿನ ಮುಖ. ಅದಕ್ಕೆ ‘ಶರ್ಲಿ ಕಾರ್ಡ್’ ಎಂದೇ ಹೆಸರು. ಆ ಬಣ್ಣಕ್ಕೆ ಸರಿಹೊಂದಿದರೆ ಪ್ರಿಂಟ್ ಸರಿ. ಕಪ್ಪು ಮೈಯವರು ಕತ್ತಲಲ್ಲಿ ಕರಗಿದರೆ ಅದು ಅವರ ಹಣೆಬರಹ. ಫಿಲ್ಮಿನ ಕಾಲ ಹೋಯಿತು. ಈಗ ಮೊಬೈಲಿನ ಬ್ಯೂಟಿ ಫಿಲ್ಟರ್ ನಾವು ಕೇಳುವ ಮೊದಲೇ ಮುಖ ತೊಳೆದಿಡುತ್ತದೆ. ಅಂದಿನ ಕ್ಯಾಮೆರಾಕ್ಕೆ ಹೆದರಿ ಪೌಡರ್ ಹಚ್ಚಿದ ತಾಯಂದಿರನ್ನು ನಾನು ಜರಿಯಲಾರೆ. ಆದರೆ ಇಂದಿನ ಒಳ್ಳೆಯ ಕ್ಯಾಮೆರಾ ಗೋಧಿಬಣ್ಣವನ್ನೂ ಎಣ್ಣೆಗಪ್ಪನ್ನೂ ಇದ್ದ ಹಾಗೆ ಹಿಡಿಯಬಲ್ಲುದು. ಹಳೆಯ ನೆಪ ಈಗ ನಡೆಯುವುದಿಲ್ಲ.

ಅಜ್ಜಿಯ ಪ್ರಶ್ನೆಯ ಇನ್ನೊಂದು ಅರ್ಥ ಮುಹೂರ್ತಕ್ಕೆ ಗೊತ್ತಾಯಿತು. ಸ್ಟೇಜಿನ ಮೇಲೆ ಫೋಟೋದವರು ಇಬ್ಬರು, ವಿಡಿಯೋದವನೊಬ್ಬ, ಲೈಟು ಹಿಡಿದ ಹುಡುಗನೊಬ್ಬ. ಅಕ್ಷತೆ ಹಿಡಿದು ಕೂತ ಮುನ್ನೂರು ಜನಕ್ಕೆ ಕಂಡದ್ದು ನಾಲ್ಕು ಬೆನ್ನು. ತಾಳಿ ಕಟ್ಟುವಾಗ “ಅಣ್ಣಾ, ಹಂಗೇ ಹಿಡೀರಿ, ಗಂಟ ಹಾಕ್ಬ್ಯಾಡ್ರಿ, ಈ ಕಡಿ ನೋಡ್ರಿ” ಎಂದ ಫೋಟೋದವನೊಬ್ಬ. ಮದುಮಗ ಕೈ ಎತ್ತಿ ಹಿಡಿದೇ ನಿಂತ; ಸ್ವಾಮಿಗಳು ಮಂತ್ರ ನಿಲ್ಲಿಸಿದರು; ಬ್ಯಾಂಡಿನವರು ಮಾತ್ರ ನಿಲ್ಲಿಸಲಿಲ್ಲ. ಕೆಲವರು ಆಗಲೇ ಅಕ್ಷತೆ ಒಗೆದು ಊಟದ ಕಡೆ ಹೊರಟಿದ್ದರು.

ನಿಕಾಹ್‌ಗಳಲ್ಲಿ ತಕರಾರು ಬೇರೆ ಥರ. ಹೆಂಗಸರ ಭಾಗ ಬೇರೆಯಿದ್ದರೆ ಅಲ್ಲಿ ಕ್ಯಾಮೆರಾ ಹಿಡಿಯಲು ಹೆಣ್ಣುಮಕ್ಕಳೇ ಬೇಕು. ಆಲ್ಬಂ ಯಾವ ಲ್ಯಾಬಿಗೆ ಹೋಗುತ್ತದೆ, ಯಾರು ಎಡಿಟ್ ಮಾಡುತ್ತಾರೆ ಎಂಬ ಚಿಂತೆಯೂ ಇರುತ್ತದೆ. ‘ಛಂದ ಕಾಣಲಿ, ಆದರೆ ಎಲ್ಲರಿಗೂ ಕಾಣುವುದು ಬೇಡ’ ಎನ್ನುವ ಈ ಮಾತನ್ನು ನಾವು ಉಳಿದವರೂ ಸ್ವಲ್ಪ ಕೇಳಿಸಿಕೊಳ್ಳಬಹುದು. ಸ್ಟೇಟಸ್ಸಿಗೆ ಹಾಕಿದ ಫೋಟೋ ಯಾವ ಮನೆ ಮುಟ್ಟುತ್ತದೋ ಹಾಕಿದವರಿಗೂ ಗೊತ್ತಿರುವುದಿಲ್ಲ.

ಫೋಟೋ ಇಲ್ಲದೆಯೂ ಲಗ್ನಕ್ಕೆ ಆಯುಷ್ಯವಿದೆ ಎನ್ನುವವರು ಬಸವಕಲ್ಯಾಣದ ಕಡೆಗೇ ಬೆರಳು ತೋರಿಸುತ್ತಾರೆ. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಶರಣರು ಮದುವೆ ಮಾಡಿದರು. ಅದಕ್ಕಾಗಿ ತಂದೆಯರಿಬ್ಬರೂ ಆನೆಯ ಕಾಲಿಗೆ ಕಟ್ಟಿಸಿಕೊಂಡು ಸತ್ತರು ಎಂದು ಶರಣ ಪರಂಪರೆ ಹೇಳುತ್ತದೆ. ಆ ವಧು ಕಪ್ಪಗಿದ್ದಳೋ ಕೆಂಪಗಿದ್ದಳೋ ಯಾರೂ ಕೇಳಿಲ್ಲ. ಮಾತು ದೊಡ್ಡದೇ. ಆದರೆ ಅದೇ ಊರಿನಲ್ಲಿ 108 ಅಡಿಯ ಬಸವಣ್ಣನ ಮೂರ್ತಿಯ ಎದುರು ಹೊಸ ಜೋಡಿಗಳು ಸೆಲ್ಫಿಗೆ ನಿಲ್ಲುವುದನ್ನೂ ನಾನು ನೋಡಿದ್ದೇನೆ, ಅದರಲ್ಲಿ ಶರಣರಿಗೆ ಅಪಚಾರವಾದಂತೆ ನನಗೆ ಕಂಡಿಲ್ಲ.

ನನ್ನ ಮಟ್ಟಿಗೆ ಹೇಳುವುದಾದರೆ, ಬೆಳಕಿಗಾಗಿ ಮಾಡುವ ತಯಾರಿಗೆಲ್ಲ ನನ್ನ ಒಪ್ಪಿಗೆಯಿದೆ, ಬಣ್ಣ ಬದಲಿಸುವ ತಯಾರಿಗೆ ಇಲ್ಲ. ಬೆಳಿಗ್ಗೆ ಬಿಸಿಲೇರುವ ಮುಂಚೆ ಫೋಟೋದವನಿಗೆ ಒಂದು ತಾಸು ಕೊಡಲಿ. ಅವನು ಹೇಳಿದ ಹಾಗೆ ಗದ್ದ ಎತ್ತಲಿ, ಇಳಿಸಲಿ. ಕುತ್ತಿಗೆಯ ಬಣ್ಣ ನೋಡಿ ಮುಖಕ್ಕೆ ಹಚ್ಚಲಿ. ಶಾಮಿಯಾನಕ್ಕೆ ಬಿಳಿ ಬಟ್ಟೆ ಹಾಕಿಸಿದರೆ ಅರ್ಧ ಮೇಕಪ್ಪಿನ ಖರ್ಚೇ ಉಳಿದೀತು, ಆದರೆ ಲಗ್ನಕ್ಕೆ ಬಿಳಿ ಎಂದರೆ ಹಿರಿಯರು ಕುಣಿದಾಡುತ್ತಾರೆ, ತಿಳಿಹಳದಿಗೆ ಒಪ್ಪಿಸಬಹುದು. ತಾಳಿ ಕಟ್ಟುವ ಐದು ನಿಮಿಷ ಕ್ಯಾಮೆರಾ ಪಕ್ಕಕ್ಕೆ ನಿಲ್ಲಲಿ, ಸಿಕ್ಕಷ್ಟು ಸಿಗಲಿ.

ಇದನ್ನು ಆ ಹುಡುಗಿಗೆ ಹೇಳಿದರೆ “ಕಾಕು, ನಿಮ್ಮ ಲಗ್ನ ಆಗಿ ಹೋಗ್ಯಾದ, ನಿಮಗೇನು” ಎಂದಾಳು. ಅದೂ ಸರಿಯೇ.

ಲಗ್ನವಾಗಿ ಎರಡು ತಿಂಗಳಿಗೆ ಅವಳು ಗಂಡನ ಜೊತೆ ಮದುವೆ ನೋಂದಣಿಗೆ ಹೋದಳು. ಅರ್ಜಿಗೆ ಲಗ್ನಪತ್ರಿಕೆಯ ಜೊತೆ ಲಗ್ನದ ಫೋಟೋ ಕೇಳುತ್ತಾರೆ. ಆಲ್ಬಮ್ಮಿನ ಎಲ್ಲಕ್ಕಿಂತ ಛಂದದ ಫೋಟೋ ಕೊಟ್ಟಳು. ಮೇಜಿನ ಆಚೆ ಕೂತವರು ಫೋಟೋ ನೋಡಿದರು, ಅವಳನ್ನು ನೋಡಿದರು, ಮತ್ತೆ ಫೋಟೋ ನೋಡಿ ಕೇಳಿದರಂತೆ: “ಬ್ಯಾರೆ ಯಾವುದರೆ ಅದ ಏನವ್ವ?” ಅವಳ ತಮ್ಮನ ಮೊಬೈಲಿನಲ್ಲಿ ಒಂದಿತ್ತು. ಊಟದ ಪಂಕ್ತಿಯದು, ಬೆವರಿಗೆ ಪೌಡರ್ ಇಳಿದು ದವಡೆಯ ಗೆರೆ ಅಳಿಸಿತ್ತು, ಗಂಡ ಹುಗ್ಗಿಯ ತುತ್ತು ಹಿಡಿದಿದ್ದ, ಹಿಂದೆ ಅಜ್ಜಿಯ ಅರ್ಧ ಮುಖ. ಹತ್ತಿರದ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ಅದನ್ನೇ ಅಂಟಿಸಿದರು. ಮೊದಲಿನದು ಈಗ ಚೌಕಟ್ಟು ಹಾಕಿಸಿಕೊಂಡು ಅವಳ ಗಂಡನ ಮನೆಯ ಪಡಸಾಲೆಯಲ್ಲಿದೆ. ಹೋದವರಿಗೆಲ್ಲ ಅತ್ತೆ ಅದನ್ನು ಬೆರಳು ಮಾಡಿ ತೋರಿಸುತ್ತಾರೆ.