ಗಜಕ್ಕೊಂದು ಗೆರೆ ಎಳೆಸಿ, ಸ್ವಾಮಿ!

ಚುನಾವಣೆ ಬಂತೆಂದರೆ ಸಾಕು, ಮಲೆನಾಡಿನ ಠಾಣೆಗಳ ಮುಂದೆ ಕೋವಿಗಳ ಸಾಲು. ಬೆಳೆ ಕಾಯಲೆಂದು ಲೈಸೆನ್ಸ್ ಪಡೆದ ರೈತ ಕೆಲಸ ಬಿಟ್ಟು ಬರಬೇಕು. ರೈಟರು ನಂಬರ್ ನೋಡ್ತಾರೆ, ರಸೀದಿ ಕೊಡ್ತಾರೆ, ಕೋವಿಯನ್ನು ಮೂಲೆಗೆ ಒರಗಿಸ್ತಾರೆ. ಎಣಿಕೆ ಮುಗಿದ ಮೇಲೆ ವಾಪಸ್. ಆ ಕೋವಿ ತುಂಬುವ ಕ್ರಮ ಗೊತ್ತೇನಪ್ಪಾ ಅಂತ ಕೇಳಿದವರುಂಟೇ?

ಕೇಳಬೇಕಾದ್ದೇ ಅದು. ಅಂಗಡಿಯ ತೋಟಾದಲ್ಲಿ ಮದ್ದು ಎಷ್ಟು, ಗುಂಡು ಎಷ್ಟು ಆಳಕ್ಕೆ ಕೂರಬೇಕು ಅನ್ನೋದನ್ನು ಕಾರ್ಖಾನೆಯೇ ಅಳೆದಿರುತ್ತದೆ. ಹಳೇ ಕೇಪಿನ ಕೋವಿಗೆ ಹೊಡೆಯುವವನೇ ಕಾರ್ಖಾನೆ. ಬಾಯಿಂದ ಮದ್ದು ಸುರಿದು, ಗುಂಡು ಹಾಕಿ, ಗಜದಿಂದ, ಅಂದರೆ ಜಡಿಯುವ ಕಂಬಿಯಿಂದ, ತಳಕ್ಕೆ ಒತ್ತಬೇಕು. ಗುಂಡು ಮದ್ದಿಗೆ ತಾಗಿ ಕೂತರೆ ಸರಿ. ಹಳೇ ಮಸಿ ಕಟ್ಟಿದ ನಳಿಗೆಯಲ್ಲಿ ನಡುವೆಯೇ ಸಿಕ್ಕಿಕೊಂಡಿತೋ, ಇಲ್ಲಾ ಕೋವಿಯನ್ನು ತಲೆಕೆಳಗೆ ಹಿಡಿದು ತೋಟ ಸುತ್ತುವಾಗ ಜಾರಿತೋ, ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಉಳಿಯಿತು. ಆಗ ಕುದುರೆ ಬಿದ್ದರೆ ನಳಿಗೆ ಬಳೆಯ ಹಾಗೆ ಉಬ್ಬಬಹುದು, ಸೀಳಲೂಬಹುದು. ಎದುರಿನ ಹಂದಿ ಆರಾಮಾಗಿ ಗದ್ದೆ ದಾಟುತ್ತೆ. ಹೋಗೋದು ನಳಿಗೆ ಹಿಡಿದ ಎಡಗೈ. ನಿನ್ನೆ ತುಂಬಿದ್ದನ್ನು ಮರೆತು ಇವತ್ತು ಮತ್ತೊಮ್ಮೆ ತುಂಬುವ ಮಹಾನುಭಾವರ ಕಥೆಯೂ ಅಷ್ಟೇ.

ಬಲ್ಲವರು ಮಾಡೋದು ಇಷ್ಟೇ. ಖಾಲಿ ನಳಿಗೆಗೆ ಗಜ ಇಳಿಬಿಟ್ಟು ಬಾಯಿ ಮಟ್ಟದಲ್ಲಿ ಒಂದು ಗೆರೆ. ವಾಡಿಕೆಯ ಅಳತೆಯಲ್ಲಿ ಸರಿಯಾಗಿ ತುಂಬಿದ ಮೇಲೆ, ಕೇಪು ಇಡುವ ಮೊದಲು, ಇನ್ನೊಂದು ಗೆರೆ. ಮುಂದೆ ಯಾವತ್ತಾದರೂ ಎರಡನೇ ಗೆರೆ ನಳಿಗೆಯಿಂದ ಮೇಲೆ ನಿಂತಿತೋ, ಗುಂಡು ತಳ ಮುಟ್ಟಿಲ್ಲ, ಇಲ್ಲವೇ ಎರಡು ಸಲ ತುಂಬಿದೆ. ಹೊಡೆಯಬಾರದು.

ಹೊಸದಾಗಿ ಲೈಸೆನ್ಸ್ ಕೇಳುವವರಿಗೆ 2016ರ ನಿಯಮಗಳು ತರಬೇತಿ ಕಡ್ಡಾಯ ಮಾಡಿವೆ. ಅದಕ್ಕೂ ಮೊದಲೇ ಲೈಸೆನ್ಸ್ ಪಡೆದವರಿಗೆ ಕಲಿಸುವವರು ಯಾರು? ಕೊಡಗಿನಲ್ಲಂತೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರವರೆಗೆ ಲೈಸೆನ್ಸಿನಿಂದಲೇ ವಿನಾಯಿತಿ. 2021ರಲ್ಲಿ ಹೈಕೋರ್ಟೂ ಎತ್ತಿಹಿಡಿದಿದೆ. ಹಕ್ಕಿನ ತಂಟೆ ಬೇಡ. ಕೈಲ್ ಮುಹೂರ್ತದ ದಿನ ಕೋವಿ ತೊಳೆದು ಹೂವಿಡುವಾಗ ಹಿರಿಯರೊಬ್ಬರು ಗಜದ ಗೆರೆಯನ್ನೂ ಹುಡುಗರಿಗೆ ತೋರಿಸಬಹುದಲ್ಲ?

ಇನ್ನು ಎಸ್ಪಿ ಸಾಹೇಬರು. ಪೊಲೀಸ್ ಇಲಾಖೆಯಲ್ಲಿ ಕೋವಿ ರಿಪೇರಿ ಬಲ್ಲ ಆರ್ಮರರ್‌ಗಳಿದ್ದಾರೆ. ಮುಂದಿನ ಚುನಾವಣೆಗೆ ಕೋವಿ ವಾಪಸ್ ಕೊಡುವ ದಿನ ಠಾಣೆಗೊಬ್ಬರನ್ನು ಕೂರಿಸಲಿ. ಮಸಿ ಕಟ್ಟಿದ, ಉಬ್ಬಿದ ನಳಿಗೆ ಸಿಕ್ಕರೆ ಅಲ್ಲೇ ಹೇಳಲಿ, ಮಿಕ್ಕವಕ್ಕೆ ಗೆರೆ ಎಳೆದು ಕಳಿಸಲಿ. ಬೇಕಾಗುವ ಸಾಮಾನು ಒಂದೇ ಒಂದು ಅರ. ಅದಕ್ಕೂ ಟೆಂಡರ್ ಕರೆಯೋದಾದರೆ, ಪೇಟೆಯ ಹಾರ್ಡ್‌ವೇರ್ ಅಂಗಡಿಯವರೇ ಪುಕ್ಕಟೆ ಕೊಟ್ಟಾರು!