ರಿಪೇರಿಯಾದ ಟಿ.ಸಿ.ಗೂ ಪರೀಕ್ಷೆ ಬೇಕು



ಸುಟ್ಟುಹೋದ ಟಿ.ಸಿ. ರಿಪೇರಿಯಾಗಿ ವಾಪಸ್ ಬಂದಾಗ ಊರವರೆಲ್ಲ ನೋಡೋದು ಒಂದೇ, ಕರೆಂಟ್ ಬಂತೋ ಇಲ್ಲವೋ ಅಂತ. ಬಂದರೆ ಕಾಯಿ ಒಡೆದು ಮನೆಗೆ ಹೋಗುತ್ತಾರೆ. ಅದು ತಾನೇ ಎಷ್ಟು ಕರೆಂಟ್ ನುಂಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕು ಎಂಬುದು ನನ್ನ ಅಭಿಪ್ರಾಯ.

ನಾವು ಟಿ.ಸಿ. ಅನ್ನೋದು ಟ್ರಾನ್ಸ್‌ಫಾರ್ಮರ್‌ಗೆ. ಅದು 11,000 ವೋಲ್ಟನ್ನು ನಮಗೆ ಬೇಕಾದಷ್ಟಕ್ಕೆ ಇಳಿಸುತ್ತದೆ. ಇದರಲ್ಲಿ ಎರಡು ಬಗೆಯ ನಷ್ಟ ಇದೆ. ಕೊಟ್ಟಿಗೆಯಲ್ಲಿ ಸುಮ್ಮನೆ ನಿಂತ ಎತ್ತೂ ಮೇವು ತಿನ್ನುತ್ತೆ ತಾನೇ? ಹಾಗೆಯೇ ಊರಿನ ದೀಪಗಳನ್ನೆಲ್ಲ ಆರಿಸಿದರೂ, ಲೈನಿನಲ್ಲಿ ಕರೆಂಟ್ ಇರುವ ತನಕ ಟಿ.ಸಿ. ಒಳಗಿನ ಕಬ್ಬಿಣದ ತಗಡುಗಳು ಕರೆಂಟ್ ತಿನ್ನುತ್ತಲೇ ಇರುತ್ತವೆ. ಆ ಗುಂಯ್ ಸದ್ದೂ ಅಲ್ಲಿಂದಲೇ. ಎರಡನೆಯದು ಗಾಡಿ ಎಳೆಯುವಾಗಿನ ಆಯಾಸ, ಅಂದರೆ ಸುರುಳಿಯ ತಂತಿ ಕಾಯುವುದರಿಂದ ಆಗುವ ನಷ್ಟ. ತಂತಿಯಲ್ಲಿ ಹರಿಯುವ ಕರೆಂಟ್ ಎರಡು ಪಟ್ಟಾದರೆ ಇದು ನಾಲ್ಕು ಪಟ್ಟಾಗುತ್ತದೆ.

ಇವನ್ನು ಅಳೆಯಬಹುದು. 11,000ದ ಬದಿಯನ್ನು ಯಾವುದಕ್ಕೂ ಜೋಡಿಸದೆ, ಕಡಿಮೆ ವೋಲ್ಟಿನ ಬದಿಗೆ ಅದರ ಪೂರ್ತಿ ವೋಲ್ಟೇಜ್ ಕೊಟ್ಟರೆ ವ್ಯಾಟ್‌ಮೀಟರ್ ಮೊದಲನೆಯ ನಷ್ಟ ತೋರಿಸುತ್ತದೆ. ಎರಡನೆಯದಕ್ಕೆ ಕಡಿಮೆ ವೋಲ್ಟಿನ ತುದಿಗಳನ್ನು ದಪ್ಪ ಪಟ್ಟಿಯಿಂದ ಒಟ್ಟು ಸೇರಿಸಿ, ಇನ್ನೊಂದು ಬದಿಗೆ ಸ್ವಲ್ಪ ಸ್ವಲ್ಪವೇ ವೋಲ್ಟೇಜ್ ಕೊಡುತ್ತಾ ಪೂರ್ತಿ ಕರೆಂಟ್ ಹರಿಯುವ ತನಕ ಏರಿಸುತ್ತಾರೆ. ಬೆಂಗಳೂರಿನಲ್ಲಿ 1960ರಲ್ಲಿ ಶುರುವಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲೂ ಟ್ರಾನ್ಸ್‌ಫಾರ್ಮರ್ ಪರೀಕ್ಷೆ ಮಾಡುತ್ತಾರೆ. (ನಾವ್ಯಾರೂ ಟಿ.ಸಿ. ಬೇಲಿ ಒಳಗೆ ಹೋಗಬಾರದು, ಚೆಂಡು ಬಿದ್ದರೂ ಸರಿ!)

ಹೊಸ ಟಿ.ಸಿ.ಗೆ ನಿಯಮ ಇದೆ. 2014ರ ಐ.ಎಸ್. 1180ರಲ್ಲಿ, ಎರಡನೇ ಮಟ್ಟದ 100 ಕೆ.ವಿ.ಎ. ಟಿ.ಸಿ. ಪೂರ್ತಿ ಲೋಡಿನಲ್ಲಿ 1650 ವ್ಯಾಟ್‌ಗಿಂತ ಹೆಚ್ಚು ಕಳೆಯಬಾರದು ಎಂದು ಹಾಕಿದ್ದರು. ಆದರೆ ಸುಟ್ಟದ್ದನ್ನು ಬಿಚ್ಚುವಾಗ ಆ ತಗಡುಗಳು ಬಗ್ಗಿದರೆ, ಮೇಲಿನ ಲೇಪ ಕಿತ್ತುಹೋದರೆ ಮೊದಲನೆಯ ನಷ್ಟ ಏರುತ್ತದೆ. ತೆಳು ತಂತಿ ಸುತ್ತಿದರೆ ಎರಡನೆಯದು ಏರುತ್ತದೆ. ಕರೆಂಟ್ ಮಾತ್ರ ಮಾಮೂಲಿನಂತೆ ಬರುತ್ತೆ, ಹೊರಗಿಂದ ಗೊತ್ತೇ ಆಗಲ್ಲ.

ತಗಡಿನ ನಷ್ಟ ಬರೀ 100 ವ್ಯಾಟ್ ಹೆಚ್ಚಿತು ಎಂದಿಟ್ಟುಕೊಳ್ಳೋಣ. ಲೈನ್ ಇಡೀ ದಿನ ಇದ್ದರೆ ದಿನಕ್ಕೆ 2.4 ಯೂನಿಟ್, ವರ್ಷಕ್ಕೆ 876 ಯೂನಿಟ್. 9 ವ್ಯಾಟಿನ 11 ಬಲ್ಬನ್ನು ಹಗಲೂ ರಾತ್ರಿ ಉರಿಸಿದ ಹಾಗೆ, ಯಾರಿಗೂ ಬೆಳಕಿಲ್ಲ!

"ಅದು ನಮ್ಮ ಮೀಟರಿಗೆ ಬರಲ್ಲ ಬಿಡೇ" ಅಂತಾನೆ ನಮ್ಮಣ್ಣ. ಬರಲ್ಲ ನಿಜ, ಈ ನಷ್ಟ ಮೀಟರಿಗಿಂತ ಮೊದಲೇ ಆಗುತ್ತೆ. ಆದರೆ ಆ ಕರೆಂಟನ್ನೂ ಎಲ್ಲೋ ಕಲ್ಲಿದ್ದಲು ಸುಟ್ಟೋ ಅಣೆಕಟ್ಟಿನ ನೀರು ಬಿಟ್ಟೋ ಮಾಡಿರುತ್ತಾರಲ್ಲ! ಜಾಸ್ತಿ ಕಾಯುವ ಟಿ.ಸಿ. ಬೇಗ ಸುಡುತ್ತದೆ ಬೇರೆ. ಆಗ ಒಣಗೋದು ಯಾರ ಪೈರು?

ರಿಪೇರಿಯಾದ ಪ್ರತಿ ಟಿ.ಸಿ.ಯ ಎರಡೂ ನಷ್ಟ ಅಳೆದು, ತಾರೀಖಿನ ಸಮೇತ ಬಣ್ಣದಲ್ಲಿ ಅದರ ಮೈಮೇಲೆ ಬರೆದು ಕಳಿಸಲಿ. ದೊಡ್ಡವರು ಕೇಳದಿದ್ದರೆ ಮಕ್ಕಳ ಗ್ರಾಮಸಭೆಯಲ್ಲಿ ನಾನೇ ಎದ್ದು ಕೇಳುತ್ತೇನೆ. ನನ್ನ ಜೊತೆ ಯಾರ್ಯಾರು ಬರ್ತೀರಿ?

– 7ನೇ ತರಗತಿಯ ವಿದ್ಯಾರ್ಥಿನಿ